ಉಡುವ ಬಟ್ಟೆ, ಹಾಸುವ ಬಟ್ಟೆ: ಯಾವುದನ್ನು ಎಷ್ಟು ದಿನಕ್ಕೊಮ್ಮೆ ಒಗೆಯಬೇಕು?



ಕಳೆದ ಮಳೆಗಾಲದಲ್ಲಿ ಒಕ್ಕಲುತನದ ಮನೆಯ ತಾಯಿಯೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಮೂರನೆಯ ಸಲ ಬಂದರು. ಸೊಂಟದ ಸುತ್ತಲೂ ಉಂಗುರ ಉಂಗುರವಾಗಿ ಹಬ್ಬಿದ ಗಜಕರ್ಣ ಅವರನ್ನು ಐದು ತಿಂಗಳಿಂದ ಕಾಡುತ್ತಿತ್ತು. "ಗುಳಿಗಿ ನುಂಗಿದಾಗ ಕಮ್ಮಿ ಆಗತೈತ್ರಿ, ಬಿಟ್ಟ ಹದಿನೈದ ದಿನಕ್ಕ ಮತ್ತ ಬರತೈತ್ರಿ. ಔಷಧ ಬದಲ ಮಾಡಿ ಕೊಡ್ರಿ" ಎಂದರು. ಔಷಧ ಬದಲಿಸುವ ಮೊದಲು ನಾವು ಒಂದು ಮಾತು ಕೇಳಿದೆವು: "ಮೈ ಒರಸಿಕೊಳ್ಳೋ ಟವೆಲ್ ಯಾವುದವ್ವಾ?" ಅವರು, "ಮನಿಗೆಲ್ಲ ಒಂದ ಐತ್ರಿ, ಬಚ್ಚಲದಾಗ ಗೂಟಕ್ಕ ಹಾಕಿರ್ತೀವಿ" ಎಂದರು. ಮನೆಯಲ್ಲಿ ಆರು ಜನ. ಅದನ್ನು ಎಷ್ಟು ದಿನಕ್ಕೊಮ್ಮೆ ಒಗೆಯುತ್ತೀರಿ ಎಂದು ಕೇಳಿದಾಗ ಬಂದ ಉತ್ತರ: "ಹೊಲಸ ಕಂಡ್ರ ಒಗೀತೀವ್ರಿ."

ತಪ್ಪು ಆ ತಾಯಿಯದಲ್ಲ, ನಮ್ಮದು. ಹಿಂದಿನ ಎರಡು ಭೇಟಿಗಳಲ್ಲಿ ನಾಡಿ ನೋಡಿದೆವು, ಪಥ್ಯ ಹೇಳಿದೆವು, ಲೇಪವನ್ನೂ ಗುಳಿಗೆಯನ್ನೂ ಕೊಟ್ಟೆವು. ಆದರೆ ಟವೆಲಿನ ವಿಚಾರ ಕೇಳಲೇ ಇಲ್ಲ. ವೈದ್ಯವೃತ್ತಿಯಲ್ಲಿ ತಲೆ ನರೆತ ಮೇಲೂ ನಮ್ಮಿಂದ ಇಂತಹ ಮರೆವು ಆಗುತ್ತದೆ. ಮೈಮೇಲಿನ ರೋಗಕ್ಕೆ ಔಷಧ ಕೊಟ್ಟು, ಅದೇ ರೋಗವನ್ನು ದಿನವೂ ಮೈಗೆ ಮರಳಿ ಹಚ್ಚುವ ಬಟ್ಟೆಯನ್ನು ಗೂಟದ ಮೇಲೆ ಬಿಟ್ಟರೆ ಗುಣವೆಲ್ಲಿ ಬಂದೀತು? ಈ ಕಾರಣದಿಂದ ಈ ತಿಂಗಳು ಔಷಧದ ಮಾತನ್ನು ಬದಿಗಿರಿಸಿ, ಬಟ್ಟೆ ಒಗೆಯುವ ವಿಚಾರವನ್ನೇ ವಿವರವಾಗಿ ಬರೆಯುತ್ತಿದ್ದೇವೆ.

ಆಯುರ್ವೇದದ ದೃಷ್ಟಿ

ನಮ್ಮ ಪ್ರಾಚೀನ ವೈದ್ಯರು ಬಟ್ಟೆಯನ್ನು ಅಲಂಕಾರವೆಂದು ಮಾತ್ರ ಕಂಡವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯವು ನಿತ್ಯಚರ್ಯೆಯನ್ನು ವಿವರಿಸುವಾಗ, ನಿರ್ಮಲವಾದ ವಸ್ತ್ರವನ್ನು ಧರಿಸುವುದು ಆಯುಷ್ಯವನ್ನೂ ಮನಸ್ಸಿನ ಉಲ್ಲಾಸವನ್ನೂ ಹೆಚ್ಚಿಸುತ್ತದೆ ಎಂದು ತಿಳಿಸುತ್ತದೆ. ಸುಶ್ರುತಸಂಹಿತೆಯ ನಿದಾನಸ್ಥಾನದ 5ನೆಯ ಅಧ್ಯಾಯದ ಕೊನೆಯಲ್ಲಿ ಇನ್ನೂ ಮಹತ್ವದ ಮಾತೊಂದಿದೆ. ಮೈಸೋಂಕು, ಉಸಿರು, ಒಂದೇ ತಟ್ಟೆಯ ಊಟ, ಒಂದೇ ಹಾಸಿಗೆ ಮತ್ತು ಆಸನ, ಒಬ್ಬರ ವಸ್ತ್ರ, ಮಾಲೆ, ಲೇಪಗಳನ್ನು ಇನ್ನೊಬ್ಬರು ಬಳಸುವುದು, ಇವುಗಳ ಮೂಲಕ ಚರ್ಮರೋಗ, ಜ್ವರ, ಕ್ಷಯ, ಕಣ್ಣುಬೇನೆ ಮುಂತಾದವು ಮನುಷ್ಯನಿಂದ ಮನುಷ್ಯನಿಗೆ ದಾಟುತ್ತವೆ ಎಂದು ಸುಶ್ರುತರು ಎಣಿಸಿ ಹೇಳಿದ್ದಾರೆ. ಸೂಕ್ಷ್ಮದರ್ಶಕ ಯಂತ್ರ ಇಲ್ಲದ ಕಾಲದಲ್ಲಿ ರೋಗಿಗಳನ್ನು ನೋಡಿ ನೋಡಿಯೇ ಕಂಡುಕೊಂಡ ಸತ್ಯವಿದು.

ಇಂದಿನ ವಿಜ್ಞಾನ ಅದರ ಕಾರಣವನ್ನು ತೋರಿಸಿಕೊಟ್ಟಿದೆ. ನಮ್ಮ ಚರ್ಮವು ಪ್ರತಿದಿನವೂ ಹೊಟ್ಟಿನಂತೆ ಸಣ್ಣ ಪದರಗಳನ್ನು ಉದುರಿಸುತ್ತದೆ; ಬೆವರನ್ನೂ ಜಿಡ್ಡನ್ನೂ ಹೊರಹಾಕುತ್ತದೆ. ಇವೆಲ್ಲ ಬಟ್ಟೆಯ ಎಳೆಗಳಲ್ಲಿ ಸೇರುತ್ತವೆ. ಬೆಚ್ಚಗಿದ್ದು ತೇವವಾಗಿರುವ ಎಳೆಯಲ್ಲಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಬೆಳೆಯುತ್ತವೆ. ಗಜಕರ್ಣದ ಶಿಲೀಂಧ್ರದ ಬೀಜಕಣಗಳು ಉದುರಿದ ಚರ್ಮದ ಹೊಟ್ಟಿನಲ್ಲಿ ಅಡಗಿ ತಿಂಗಳುಗಟ್ಟಲೆ ಬದುಕಿರಬಲ್ಲವು. ಅವು ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ "ಹೊಲಸು ಕಂಡಾಗ ಒಗೆಯುವುದು" ಎಂಬ ಲೆಕ್ಕ ಇಲ್ಲಿ ಸಲ್ಲದು.

ಅವಧಿಯನ್ನು ನಿರ್ಣಯಿಸುವ ಮೂರು ಪ್ರಶ್ನೆಗಳು

ಹಾಗೆಂದು ಎಲ್ಲ ಬಟ್ಟೆಯನ್ನೂ ದಿನವೂ ಒಗೆಯಬೇಕಾಗಿಲ್ಲ. ಅದರಿಂದ ನೀರೂ ವ್ಯರ್ಥ, ಬಟ್ಟೆಯೂ ಬೇಗ ಸವೆಯುತ್ತದೆ, ಒಗೆಯುವವರ ಕೈಯೂ ಸೀಳುತ್ತದೆ. ಪ್ರತಿಯೊಂದು ಬಟ್ಟೆಯ ಬಗ್ಗೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ.

ಮೊದಲನೆಯದು, ಇದು ಮೈಗೆ ಎಷ್ಟು ಹತ್ತಿರವಿದೆ? ಎರಡನೆಯದು, ಇದು ಎಷ್ಟು ಹೊತ್ತು ತೇವವಾಗಿರುತ್ತದೆ? ಮೂರನೆಯದು, ಇದನ್ನು ಎಷ್ಟು ಜನ ಬಳಸುತ್ತಾರೆ? ಮೈಗೆ ಹತ್ತಿರವಾದಷ್ಟೂ, ತೇವ ಹೆಚ್ಚಾದಷ್ಟೂ, ಬಳಸುವವರು ಹೆಚ್ಚಿದಷ್ಟೂ ಒಗೆಯುವ ಅವಧಿ ಕಿರಿದಾಗಬೇಕು. ಈ ಸೂತ್ರ ಮನಸ್ಸಿನಲ್ಲಿದ್ದರೆ ಮುಂದೆ ಹೇಳುವ ಯಾವ ಅವಧಿಯನ್ನೂ ಬಾಯಿಪಾಠ ಮಾಡಬೇಕಾಗಿಲ್ಲ.

ಮೈಗಂಟಿದ ಬಟ್ಟೆಗಳು

ಒಳ ಉಡುಪು, ಬನಿಯನ್, ಕಾಲುಚೀಲ ಇವುಗಳನ್ನು ಒಮ್ಮೆ ಧರಿಸಿದ ಮೇಲೆ ಒಗೆಯದೆ ಮತ್ತೆ ಧರಿಸಬಾರದು. ಇದಕ್ಕೆ ಚಳಿಗಾಲದ ರಿಯಾಯಿತಿಯೂ ಇಲ್ಲ. ಹೊಲದ ಕೆಲಸ, ಓಟ, ವ್ಯಾಯಾಮ ಮಾಡಿ ಬೆವರಿದವರು ಸಂಜೆ ಮೈ ತೊಳೆದು ಒಳ ಉಡುಪನ್ನು ಬದಲಿಸುವುದು ಉತ್ತಮ. ಕುಪ್ಪಸ, ಅಂಗಿ ಮತ್ತು ರಾತ್ರಿಯುಡುಪಿನ ವಿಷಯದಲ್ಲಿ ಬೇಸಿಗೆಯಲ್ಲಿ ಕುಪ್ಪಸ ಹಾಗೂ ಅಂಗಿಯನ್ನು ದಿನವೂ, ಮೈ ತೊಳೆದು ಧರಿಸುವ ರಾತ್ರಿಯುಡುಪನ್ನು ಎರಡು ಮೂರು ರಾತ್ರಿಗೊಮ್ಮೆ ಒಗೆದರೆ ಸಾಕು.

ಉಡಿದಾರದ ವಿಷಯವನ್ನು ಯಾರೂ ಆಲೋಚಿಸುವುದಿಲ್ಲ. ಸ್ನಾನದಲ್ಲಿ ನೆನೆದ ದಾರ ಸೊಂಟದ ಮೇಲೆಯೇ ಗಂಟೆಗಟ್ಟಲೆ ತೇವವಾಗಿದ್ದು, ಅದರ ಕೆಳಗೇ ಗಜಕರ್ಣ ಆರಂಭವಾಗುವುದನ್ನು ನಾವು ಮೇಲಿಂದ ಮೇಲೆ ಕಂಡಿದ್ದೇವೆ. ಸ್ನಾನದ ನಂತರ ದಾರವನ್ನೂ ಅದರ ಕೆಳಗಿನ ಚರ್ಮವನ್ನೂ ಒರೆಸಿಕೊಳ್ಳಬೇಕು. ದಾರವನ್ನು ಆಗಾಗ ಹೊಸದು ಮಾಡಬೇಕು. ಚರ್ಮರೋಗವಿರುವಾಗ ಗುಣವಾಗುವವರೆಗೆ ತೆಗೆದಿಡಬೇಕು.

ಇಷ್ಟಲಿಂಗಧಾರಿಗಳಾದ ಭಕ್ತರಿಗೆ ಇನ್ನೊಂದು ವಿನಂತಿ. ಶಿವದಾರ ಮತ್ತು ಲಿಂಗವಸ್ತ್ರ ಹಗಲಿರುಳೂ ಎದೆಯ ಮೇಲಿದ್ದು ಬೆವರು ಹೀರುತ್ತವೆ. ಎರಡು ಜೊತೆ ಇಟ್ಟುಕೊಂಡು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಎರಡು ಸಲ ಬದಲಿಸಿ, ತೆಗೆದುದನ್ನು ತೊಳೆದು ಬಿಸಿಲಲ್ಲಿ ಒಣಗಿಸಿರಿ. ಸೋಮವಾರದ ಪೂಜೆಗೆ ಇದನ್ನು ಹೊಂದಿಸಿಕೊಂಡರೆ ಮರೆವು ಆಗದು.

ಮೇಲುಡುಪುಗಳು

ಪ್ಯಾಂಟು, ಧೋತರ, ಸೀರೆ, ಚೂಡಿದಾರ ಮುಂತಾದವು ಒಳ ಉಡುಪಿನ ಮೇಲೆ ಬರುವವು. ನೆರಳಲ್ಲಿ ಕುಳಿತು ಕೆಲಸ ಮಾಡುವವರು ಇವನ್ನು ಎರಡು ಮೂರು ಸಲ ಧರಿಸಬಹುದು. ಜೀನ್ಸ್ ನಾಲ್ಕೈದು ಸಲಕ್ಕೂ ನಡೆದೀತು. ಆದರೆ ತೆಗೆದ ಕೂಡಲೆ ಮಡಿಚಿ ಕಪಾಟಿಗೆ ತುರುಕದೆ, ಗಾಳಿಯಾಡುವಲ್ಲಿ ತೂಗುಹಾಕಬೇಕು. ಹೊಲ, ಗಿರಣಿ, ಗ್ಯಾರೇಜು, ಇಟ್ಟಿಗೆ ಭಟ್ಟಿಗಳಲ್ಲಿ ದುಡಿಯುವವರ ಬಟ್ಟೆಗೆ ದಿನವೂ ಒಗೆತ ಬೇಕು. ಮಕ್ಕಳ ಶಾಲಾ ಸಮವಸ್ತ್ರ ಎರಡು ಜೊತೆಯಿದ್ದರೆ ದಿನ ಬಿಟ್ಟು ದಿನ ಒಗೆದು ನಿಶ್ಚಿಂತೆಯಿಂದ ಒಣಗಿಸಬಹುದು. ಒದ್ದೆಯಾಗಿಯೇ ತೊಡಿಸಿ ಕಳುಹಿಸುವುದಕ್ಕಿಂತ ನಿನ್ನೆಯ ಒಣಬಟ್ಟೆಯೇ ವಾಸಿ.

ರೇಷ್ಮೆ ಸೀರೆಯನ್ನು ಪ್ರತಿ ಸಲ ಒಗೆಯಬೇಕಾಗಿಲ್ಲ. ಮದುವೆಯಿಂದ ಬಂದ ರಾತ್ರಿ ನೆರಳಿನ ಗಾಳಿಗೆ ಹಾಕಿ, ಬೆವರು ಆರಿದ ಮೇಲೆ ಮಡಿಚಿಡಬೇಕು. ಇಳಕಲ್ ಸೀರೆಯನ್ನು ಮೊದಲ ಒಗೆತದಲ್ಲಿ ಬೇರೆ ಬಟ್ಟೆಯೊಡನೆ ಬೆರೆಸದೆ ತಣ್ಣೀರಿನಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿರಿ. ಸೆರಗಿನ ಬಣ್ಣ ಉಳಿಯುತ್ತದೆ. ಸ್ವೆಟರ್, ಶಾಲು ಇವು ಒಳಗೆ ಅಂಗಿ ಇದ್ದರೆ ಐದಾರು ಸಲ ಧರಿಸಿದ ಮೇಲೆ ಒಗೆಯಲು ಅಡ್ಡಿಯಿಲ್ಲ. ತಲೆಯ ಟೋಪಿ, ರುಮಾಲು, ಹೆಲ್ಮೆಟ್ಟಿನ ಒಳಗೆ ಕಟ್ಟುವ ಬಟ್ಟೆ ಇವುಗಳಲ್ಲಿ ಎಣ್ಣೆ ಬೆವರು ಸೇರುವುದರಿಂದ ವಾರಕ್ಕೆ ಎರಡು ಸಲವಾದರೂ ಒಗೆಯಬೇಕು.

ಟವೆಲು ಮತ್ತು ಅಡುಗೆಮನೆಯ ಅರಿವೆ

ಮನೆಯ ಬಟ್ಟೆಗಳಲ್ಲಿ ಅತಿ ಹೆಚ್ಚು ಅಪರಾಧಿ ಟವೆಲು. ಸ್ನಾನ ಮಾಡಿದ ಶುದ್ಧ ಮೈಯನ್ನೇ ಒರೆಸುತ್ತೇವಲ್ಲ, ಅದು ಹೇಗೆ ಕೊಳೆಯಾದೀತು ಎಂಬುದು ಬಹುಜನರ ತರ್ಕ. ಒರೆಸುವಾಗ ಸಡಿಲವಾದ ಚರ್ಮದ ಹೊಟ್ಟು ಟವೆಲಿಗೆ ಅಂಟುತ್ತದೆ. ನೀರೂ ಅಲ್ಲೇ ಇರುತ್ತದೆ. ಕತ್ತಲೆಯ ಬಚ್ಚಲುಮನೆಯಲ್ಲಿ ಅದು ಒಣಗುವುದೇ ಇಲ್ಲ. ಆದುದರಿಂದ ಮೂರು ನಿಯಮಗಳನ್ನು ಪಾಲಿಸಿರಿ. ಪ್ರತಿಯೊಬ್ಬರಿಗೂ ಬೇರೆ ಟವೆಲು ಇರಲಿ. ಬಳಸಿದ ಕೂಡಲೆ ಹೊರಗೆ ಹಗ್ಗದ ಮೇಲೆ ಹರವಿರಿ. ಮೂರು ನಾಲ್ಕು ಬಳಕೆಗೊಮ್ಮೆ ಒಗೆಯಿರಿ. ಮುಖ ಮತ್ತು ಕೈ ಒರೆಸಲು ಮನೆಮಂದಿಯೆಲ್ಲ ಬಳಸುವ ವಸ್ತ್ರವನ್ನು ದಿನವೂ ಬದಲಿಸಿರಿ. ಮನೆಯಲ್ಲಿ ಒಬ್ಬರಿಗೆ ಕಣ್ಣುಬೇನೆ ಬಂದರೆ ಅದೇ ಗಳಿಗೆಯಿಂದ ಅವರ ವಸ್ತ್ರ ಬೇರೆಯಾಗಲಿ. ಬಡತನದ ಮನೆಯಲ್ಲಿ ಆರು ಟವೆಲು ಎಲ್ಲಿಂದ ಎಂದು ಕೇಳಬಹುದು. ದಪ್ಪ ಟವೆಲೇ ಬೇಕೆಂದಿಲ್ಲ. ಹಳೆಯ ಧೋತರವನ್ನು ಆರು ತುಂಡು ಮಾಡಿ ಅಂಚು ಹೊಲಿದರೆ ಅವು ದಪ್ಪ ಟವೆಲಿಗಿಂತ ಬೇಗ ಒಣಗುತ್ತವೆ.

ಅಡುಗೆಮನೆಯಲ್ಲಿ ಕಟ್ಟೆ ಒರೆಸುವ ಅರಿವೆ, ಪಾತ್ರೆ ಒರೆಸುವ ಅರಿವೆ, ಕೈ ಒರೆಸುವ ಅರಿವೆ ಮೂರೂ ಬೇರೆ ಬೇರೆಯಾಗಿರಬೇಕು. ಇವುಗಳನ್ನು ದಿನವೂ ಸೋಪು ಹಚ್ಚಿ ಒಗೆದು, ವಾರಕ್ಕೊಮ್ಮೆ ಹತ್ತು ನಿಮಿಷ ಕುದಿಸಿ ಒಣಗಿಸಬೇಕು. ರೊಟ್ಟಿ ಕಟ್ಟಿಡುವ ಬಟ್ಟೆಗೂ ದಿನವೂ ಒಗೆತ ಬೇಕು. ಹಿಂದಿನ ದಿನದ ಆವಿಯ ತೇವ ಅದರಲ್ಲಿ ಉಳಿದರೆ ರೊಟ್ಟಿಗೆ ಬೂಷ್ಟು ಬೇಗ ಹಿಡಿಯುತ್ತದೆ.

ಹಾಸಿಗೆ, ದಿಂಬು, ಕೌದಿ

ದಿನದ ಮೂರನೆಯ ಒಂದು ಪಾಲು ಹಾಸಿಗೆಯಲ್ಲಿ ಕಳೆಯುತ್ತೇವೆ. ಉದುರಿದ ಚರ್ಮದ ಹೊಟ್ಟನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ಧೂಳುನುಸಿಗಳು ಹಾಸಿಗೆ ದಿಂಬುಗಳಲ್ಲಿ ವಾಸಿಸುತ್ತವೆ. ಇವು ಕಚ್ಚುವುದಿಲ್ಲ, ಆದರೆ ಇವುಗಳ ಮಲದ ಕಣಗಳು ಉಸಿರಿನೊಡನೆ ಒಳಹೊಕ್ಕು ಕೆಲವರಲ್ಲಿ ದಮ್ಮು, ಬೆಳಗಿನ ಸೀನು, ಮೂಗು ಸೋರುವಿಕೆ, ಚರ್ಮದ ತುರಿಕೆಗಳನ್ನು ಕೆರಳಿಸುತ್ತವೆ. ಹಾಸುವ ಚಾದರ ಮತ್ತು ದಿಂಬಿನ ಗವಸನ್ನು ವಾರಕ್ಕೊಮ್ಮೆ ಒಗೆಯಬೇಕು. ತಲೆಗೆ ಎಣ್ಣೆ ಹಚ್ಚಿ ಮಲಗುವವರು, ಮೊಡವೆಯಿರುವ ಹರೆಯದವರು ಗವಸನ್ನು ವಾರಕ್ಕೆ ಎರಡು ಸಲ ಬದಲಿಸಿರಿ. ಮನೆಯಲ್ಲಿ ದಮ್ಮಿನ ರೋಗಿಯಿದ್ದರೆ ಅವರ ಹಾಸುಬಟ್ಟೆಗೆ ಸುಮಾರು 60 ಡಿಗ್ರಿ ಬಿಸಿನೀರಿನ ಒಗೆತ ಬೇಕು. ತಣ್ಣೀರಿಗೆ ನುಸಿ ಸಾಯುವುದಿಲ್ಲ.

ಕೌದಿ ನಮ್ಮ ಸೀಮೆಯ ಸಂಪತ್ತು. ಅಜ್ಜಿಯ ಸೀರೆ, ಅಪ್ಪನ ಧೋತರ ಎಲ್ಲ ಸೇರಿದ ಆ ಪದರಗಳು ಬೆಚ್ಚಗಿರುವುದು ನಿಜ. ತೇವ ಹಿಡಿದರೆ ಬೇಗ ಬಿಡದಿರುವುದೂ ನಿಜ. ಅದನ್ನು ವಾರಕ್ಕೊಮ್ಮೆ ಒಗೆಯುವುದು ಅಸಾಧ್ಯ, ಅನಾವಶ್ಯಕ. ಮೈಗೆ ತಾಗುವ ಮಗ್ಗುಲಿಗೆ ಒಂದು ತೆಳು ಚಾದರ ಹಾಕಿ, ಆ ಚಾದರವನ್ನು ವಾರಕ್ಕೊಮ್ಮೆ ಒಗೆಯಿರಿ. ಕೌದಿಯನ್ನು ವಾರಕ್ಕೊಮ್ಮೆ ಎರಡೂ ಮಗ್ಗುಲು ಬಿಸಿಲಿಗೆ ಹಾಕಿ ಕೋಲಿನಿಂದ ಜಾಡಿಸಿರಿ. ಎರಡು ಮೂರು ತಿಂಗಳಿಗೊಮ್ಮೆ, ಮುಖ್ಯವಾಗಿ ಮಳೆಗಾಲಕ್ಕೆ ಮುಂಚೆ ಮತ್ತು ಮಳೆಗಾಲ ಮುಗಿದ ಮೇಲೆ ಒಗೆಯಿರಿ. ಕಂಬಳಿಗೂ ಇದೇ ಕ್ರಮ. ಹತ್ತಿಯ ಗಾದಿಯನ್ನು ಹದಿನೈದು ದಿನಕ್ಕೊಮ್ಮೆ ಬಿಸಿಲಿಗೆ ಹಾಕಿ, ಹತ್ತಿ ಗಂಟುಗಟ್ಟಿದಾಗ ಬಿಚ್ಚಿ ಹಿಂಜಿಸಿರಿ. ಕಿಟಕಿಯ ಪರದೆಗಳಿಗೆ ಮೂರು ತಿಂಗಳು, ಬಾಗಿಲಿನ ಕಾಲೊರೆಸುವಿಗೆ ಒಂದು ವಾರ ಎಂದು ಲೆಕ್ಕವಿಡಬಹುದು.

ಕೂಸಿನ ಬಟ್ಟೆ, ಮುಟ್ಟಿನ ಬಟ್ಟೆ

ಚರಕಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯವು ಕೂಸಿನ ಹಾಸು ಹೊದಿಕೆಗಳ ಬಗ್ಗೆ ನೀಡಿದ ಸೂಚನೆಯನ್ನು ಓದಿದಾಗಲೆಲ್ಲ ನಮಗೆ ಸೋಜಿಗವಾಗುತ್ತದೆ. ಅವು ಮೃದು, ಹಗುರ, ಶುಚಿಯಾಗಿರಬೇಕು. ಬೆವರು, ಮಲಮೂತ್ರ, ಕ್ರಿಮಿಗಳಿಂದ ಕೆಟ್ಟವನ್ನು ಬಿಡಬೇಕು. ಬೇರೆ ಒದಗಿಸಲು ಅನುಕೂಲವಿಲ್ಲದವರು ಅದನ್ನೇ ಚೆನ್ನಾಗಿ ತೊಳೆದು, ಧೂಪ ಹಾಕಿ, ಪೂರ್ತಿ ಒಣಗಿಸಿ ಬಳಸಬಹುದು ಎಂಬುದು ಅದರ ತಾತ್ಪರ್ಯ. ಅನುಕೂಲವಿಲ್ಲದವರನ್ನು ಶಾಸ್ತ್ರ ಮರೆತಿಲ್ಲ ಎಂಬುದನ್ನು ಗಮನಿಸಿರಿ. ಧೂಪದ ವಿಷಯದಲ್ಲಿ ಮಾತ್ರ ಎಚ್ಚರ: ಹೊಗೆ ಬಟ್ಟೆಗೆ ಸಾಕು, ಕೂಸಿಗೆ ಬೇಡ. ಎಳೆಯ ಶ್ವಾಸಕೋಶಕ್ಕೆ ಹೊಗೆ ಹಾನಿಕರ.

ಒದ್ದೆಯಾದ ಲಂಗೋಟಿಯನ್ನು ಒಣಗಿಸಿ ಮತ್ತೆ ಕಟ್ಟಬಾರದು. ಪ್ರತಿ ಸಲವೂ ಒಗೆಯಬೇಕು. ಸೋಪಿನ ಅಂಶ ಉಳಿದರೆ ಕೂಸಿನ ತೊಡೆ ಕೆಂಪಾಗುತ್ತದೆ. ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿರಿ. ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದ ಹಳೆಯ ಬಟ್ಟೆಗಳನ್ನು ಹಸುಗೂಸಿಗೆ ನೇರವಾಗಿ ತೊಡಿಸಲೇಬೇಡಿರಿ. ಆ ಡಾಂಬರು ಗುಳಿಗೆಯ ನ್ಯಾಫ್ತಲೀನು, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸಿನ ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಕೊರತೆ ಇದೆಯೇ ಇಲ್ಲವೇ ಎಂಬುದು ನೋಡಿದರೆ ತಿಳಿಯುವಂಥದಲ್ಲ. ಆದ್ದರಿಂದ ಕೂಸಿನ ಬಟ್ಟೆಯ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಇಡದೆ ಒಣಗಿದ ಬೇವಿನೆಲೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಇಡಿರಿ.

ಇನ್ನು ತಾಯಂದಿರು, ಅಕ್ಕತಂಗಿಯರು ಬಳಸುವ ಮುಟ್ಟಿನ ಬಟ್ಟೆ. ಬಳಸಿದ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಸೋಪಿನಿಂದ ಒಗೆಯಬೇಕು. ಮೊದಲೇ ಬಿಸಿನೀರು ಹಾಕಿದರೆ ರಕ್ತದ ಕಲೆ ಎಳೆಗೆ ಕಚ್ಚಿಕೊಳ್ಳುತ್ತದೆ. ಬಹು ಮನೆಗಳಲ್ಲಿ ನಾಚಿಕೆಯಿಂದ ಇದನ್ನು ಬಚ್ಚಲಿನ ಮೂಲೆಯಲ್ಲಿ, ಇನ್ನೊಂದು ಬಟ್ಟೆಯ ಅಡಿಯಲ್ಲಿ ಬಚ್ಚಿಟ್ಟು ಒಣಗಿಸುತ್ತಾರೆ. ಅದು ಒಣಗುವುದಿಲ್ಲ, ತೇವದ ಬಟ್ಟೆಯಿಂದ ತುರಿಕೆ, ಸೋಂಕು ಉಂಟಾಗುತ್ತದೆ. ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಅವುಗಳಲ್ಲಿ ರಜಸ್ಸೂತಕವೂ ಒಂದು. ಅವರ ದಾರಿಯಲ್ಲಿ ನಡೆಯುವ ನಮ್ಮ ಮನೆಗಳಲ್ಲಿ ಈ ಬಟ್ಟೆಗೆ ಅಂಗಳದ ಹಗ್ಗದ ಮೇಲೆ ಬಿಸಿಲು ಸಿಗದಿದ್ದರೆ ನಾವು ಕಲಿತದ್ದೇನು? ಮನೆಯ ಹಿರಿಯರೇ ಈ ಮಾತನ್ನು ತಮ್ಮ ಹೆಣ್ಣುಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕೆಂದು ಪ್ರಾರ್ಥಿಸುತ್ತೇವೆ.

ರೋಗವಿರುವಾಗ

ಈಗ ಆರಂಭದ ತಾಯಿಯ ಪ್ರಸಂಗಕ್ಕೆ ಮರಳೋಣ. ಗಜಕರ್ಣವನ್ನು ನಮ್ಮ ಶಾಸ್ತ್ರ ದದ್ರು ಎನ್ನುತ್ತದೆ. ಇತ್ತೀಚಿನ ವರ್ಷಗಳಲ್ಲಿ ದೇಶದಾದ್ಯಂತ ಇದು ಹಟಮಾರಿಯಾಗಿ ಮರಳಿ ಮರಳಿ ಬರುತ್ತಿದೆ. ಸ್ಟಿರಾಯ್ಡ್ ಬೆರೆತ ಮುಲಾಮುಗಳನ್ನು ಅಂಗಡಿಯಿಂದ ತಂದು ಹಚ್ಚಿಕೊಳ್ಳುವುದು ಇದಕ್ಕೆ ಒಂದು ಮುಖ್ಯ ಕಾರಣ. ಅವು ತುರಿಕೆಯನ್ನು ಎರಡು ದಿನದಲ್ಲಿ ಅಡಗಿಸಿ, ಒಳಗೆ ಶಿಲೀಂಧ್ರವನ್ನು ಬೆಳೆಯಗೊಡುತ್ತವೆ. 2018ರಲ್ಲಿ ಕೇಂದ್ರ ಸರಕಾರವು ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿಗೊಳಿಸಿದ್ದರೂ ರೂಢಿ ಪೂರ್ತಿ ನಿಂತಿಲ್ಲ. ಇನ್ನೊಂದು ಕಾರಣ ಬಟ್ಟೆ.

ಗಜಕರ್ಣವಿರುವವರ ಒಳ ಉಡುಪು, ಟವೆಲು, ಮೈಗೆ ತಾಗುವ ಎಲ್ಲ ಬಟ್ಟೆಗಳನ್ನು ದಿನವೂ, ಹಾಸುವ ಚಾದರವನ್ನು ವಾರಕ್ಕೆ ಎರಡು ಸಲ, ಉಳಿದವರ ಬಟ್ಟೆಯಿಂದ ಬೇರೆಯಾಗಿ ಒಗೆಯಬೇಕು. ತಣ್ಣೀರಿನಲ್ಲಿ ಬೆರೆಸಿ ಒಗೆದರೆ ಬೀಜಕಣಗಳು ಒಂದು ಬಟ್ಟೆಯಿಂದ ಇನ್ನೊಂದಕ್ಕೆ ದಾಟುತ್ತವೆ. ಸುಮಾರು 60 ಡಿಗ್ರಿ ಬಿಸಿನೀರು ಬೇಕು. ಉಷ್ಣಮಾಪಕ ಇಲ್ಲದವರು ಒಂದು ಪಾಲು ಕುದಿಯುವ ನೀರಿಗೆ ಒಂದು ಪಾಲು ತಣ್ಣೀರು ಬೆರೆಸಿದರೆ ಹೆಚ್ಚುಕಡಿಮೆ ಆ ಹದ ಬರುತ್ತದೆ. ಬಟ್ಟೆ ಮುಳುಗಿಸಿ, ಬಕೆಟ್ಟಿನ ಬಾಯಿ ಮುಚ್ಚಿ ಅರ್ಧ ಗಂಟೆ ಬಿಡಿರಿ. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿರಿ. ಒಳಮಗ್ಗುಲು ಹೊರಗೆ ಮಾಡಿ ಬಿಸಿಲಲ್ಲಿ ಒಣಗಿಸಿ, ಸೊಂಟದ ಪಟ್ಟಿ ಮತ್ತು ಹೊಲಿಗೆಗಳ ಮೇಲೆ ಬಿಸಿ ಇಸ್ತ್ರಿ ಒತ್ತಿರಿ. ಚರ್ಮ ತಿಳಿಯಾದಂತೆ ಕಂಡ ಮೇಲೂ ವೈದ್ಯರು ಹೇಳಿದಷ್ಟು ದಿನ ಔಷಧವನ್ನೂ ಈ ಕ್ರಮವನ್ನೂ ಬಿಡಬಾರದು.

ಕಜ್ಜಿಯ ಕ್ರಮ ಸ್ವಲ್ಪ ಬೇರೆ. ಇದು ಒಂದು ಸೂಕ್ಷ್ಮ ಹುಳದಿಂದ ಬರುವುದು. ಮನುಷ್ಯನ ಮೈ ಬಿಟ್ಟರೆ ಆ ಹುಳ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕಲಾರದು. ಮನೆಯವರೆಲ್ಲ ಒಂದೇ ದಿನ ಔಷಧ ಹಚ್ಚಿಕೊಳ್ಳಬೇಕು. ಹಿಂದಿನ ಮೂರು ದಿನಗಳಲ್ಲಿ ಬಳಸಿದ ಬಟ್ಟೆ, ಚಾದರ, ಟವೆಲುಗಳನ್ನು ಅಂದೇ ಬಿಸಿನೀರಿನಲ್ಲಿ ಒಗೆಯಬೇಕು. ಒಗೆಯಲಾಗದ ಕೌದಿ, ಕಂಬಳಿಗಳನ್ನು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಬಿಟ್ಟರೆ ಹುಳ ತಾನಾಗಿ ಸಾಯುತ್ತದೆ. ಮಕ್ಕಳನ್ನು ಪ್ರಸಾದನಿಲಯಗಳಿಗೆ ಕಳುಹಿಸುವ ಪಾಲಕರು ಎರಡು ಟವೆಲು, ಎರಡು ಚಾದರಗಳನ್ನು ಬಣ್ಣದ ದಾರದಿಂದ ಗುರುತು ಹೊಲಿದು ಕೊಡಿರಿ. ರಜೆಗೆ ಬಂದ ಮಗು ರಾತ್ರಿ ತುರಿಸಿಕೊಂಡರೆ, ಬೈಯದೆ, ಬೆರಳ ಸಂದಿಗಳನ್ನು ನೋಡಿರಿ.

ಒಕ್ಕಲಿಗ ಬಂಧುಗಳಿಗೆ ಒಂದು ಮಾತು. ಹತ್ತಿ, ತೊಗರಿ, ದ್ರಾಕ್ಷಿಗೆ ಔಷಧ ಸಿಂಪಡಿಸಿದ ದಿನ ಧರಿಸಿದ ಬಟ್ಟೆಗೆ "ನಾಳೆ" ಎಂಬ ಅವಧಿಯೇ ಇಲ್ಲ. ಕೀಟನಾಶಕವು ಬಟ್ಟೆಯಿಂದ ಚರ್ಮದ ಮೂಲಕ ಒಳಸೇರುತ್ತದೆ. ಮನೆಯೊಳಗೆ ಬರುವ ಮುಂಚೆಯೇ ಆ ಬಟ್ಟೆ ತೆಗೆದು, ಅದೇ ದಿನ ಬೇರೆ ಬಕೆಟ್ಟಿನಲ್ಲಿ ಮೊದಲು ಬರಿನೀರಿನಲ್ಲಿ ಜಾಲಿಸಿ, ಆಮೇಲೆ ಸೋಪುಪುಡಿ ಹಾಕಿ ಎರಡು ಸಲ ಒಗೆಯಬೇಕು. ಒಗೆಯುವವರು ರಬ್ಬರಿನ ಕೈಗವಸು ಧರಿಸಲಿ. ಆ ನೀರನ್ನು ಬಾವಿ, ಹಳ್ಳ, ದನ ಕುಡಿಯುವ ತೊಟ್ಟಿಯ ಹತ್ತಿರ ಚೆಲ್ಲಬಾರದು. ಗಂಡ ಸಿಂಪಡಿಸಿ ಬಂದ ಅಂಗಿಯನ್ನು ಕೂಸಿನ ಬಟ್ಟೆಯೊಡನೆ ನೆನೆಹಾಕಿದರೆ ಹೊಲದ ವಿಷ ತೊಟ್ಟಿಲಿಗೆ ಬಂದಂತೆ.

ಒಗೆಯುವುದು ಅರ್ಧ, ಒಣಗಿಸುವುದು ಅರ್ಧ

ಅವಧಿ ಸರಿಯಾಗಿದ್ದೂ ಕ್ರಮ ತಪ್ಪಿದರೆ ಫಲವಿಲ್ಲ. ಬಟ್ಟೆಯನ್ನು ಅರ್ಧ ಗಂಟೆಯಿಂದ ಒಂದು ಗಂಟೆ ನೆನೆಸಿದರೆ ಸಾಕು. ರಾತ್ರಿಯೆಲ್ಲ ಕೊಳೆನೀರಿನಲ್ಲಿ ಬಿಟ್ಟರೆ ಅದೇ ನೀರಿನಲ್ಲಿ ಕ್ರಿಮಿ ಬೆಳೆಯುತ್ತದೆ. ಹೆಚ್ಚು ನೊರೆ ಬಂದರೆ ಹೆಚ್ಚು ಶುದ್ಧಿ ಎಂಬುದು ಭ್ರಮೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ನೊರೆಗಟ್ಟದೆ ಬಿಳಿಯ ಜಿಡ್ಡಾಗಿ ಎಳೆಗೆ ಅಂಟುತ್ತದೆ. ಒರಟಾದ ಆ ಬಟ್ಟೆಯಿಂದಲೇ ಕೆಲವರಿಗೆ ತುರಿಕೆಯಾಗುತ್ತದೆ. ಅಂಥ ನೀರಿಗೆ ಡಿಟರ್ಜೆಂಟ್ ಪುಡಿ ಮೇಲು, ಆದರೆ ಅಳತೆ ಮೀರದಿರಲಿ, ಜಾಲಿಸುವುದು ಎರಡು ಮೂರು ಸಲವಾಗಲಿ. ಯಂತ್ರದಲ್ಲಿ ಒಗೆಯುವವರು ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬಾರದು. ಒಗೆದ ಬಟ್ಟೆಯನ್ನು ಒಳಗೇ ಬಿಡಬಾರದು. ಬಳಸಿದ ಮೇಲೆ ಬಾಗಿಲು ತೆರೆದಿಡಬೇಕು.

ಬಿಸಿಲು ಬಡವನಿಗೂ ಬಲ್ಲಿದನಿಗೂ ಸಮನಾಗಿ ಸಿಗುವ ಔಷಧ. ಅದರ ಶಾಖವೂ ಅತಿನೇರಳೆ ಕಿರಣವೂ ಒಣಗುವಿಕೆಯೂ ಸೇರಿ ಕ್ರಿಮಿಗಳ ಬಲ ಕುಂದಿಸುತ್ತವೆ. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಗಟ್ಟಿಯಾಗಿ ಹಿಂಡಿ, ಒಂದರ ಮೇಲೊಂದು ಹಾಕದೆ ಫ್ಯಾನಿನ ಗಾಳಿಗೆ ಹರವಿ, ಕೊನೆಗೆ ಇಸ್ತ್ರಿ ಹಾಕಿರಿ. ಮುಗ್ಗು ವಾಸನೆ ಬಂದ ಬಟ್ಟೆ ಒಣಗಿದ್ದರೂ ಶುದ್ಧವಲ್ಲ. ಅದನ್ನು ಮತ್ತೆ ಒಗೆಯಬೇಕು.

ನೀರಿಲ್ಲದ ದಿನಗಳಲ್ಲಿ

ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರುಗಳು ನಮ್ಮ ಭಾಗದಲ್ಲಿ ಹಲವಿವೆ. ನೀರು ಎರಡೇ ಬಕೆಟ್ಟು ಇದ್ದರೆ ಮೊದಲು ಕೂಸಿನ ಬಟ್ಟೆ ಮತ್ತು ಮುಟ್ಟಿನ ಬಟ್ಟೆ, ಆಮೇಲೆ ಒಳ ಉಡುಪು, ಆಮೇಲೆ ಟವೆಲು ಮತ್ತು ಅಡುಗೆಮನೆಯ ಅರಿವೆ, ನಂತರ ದಿಂಬಿನ ಗವಸು ಎಂಬ ಸರದಿ ಇರಲಿ. ಪ್ಯಾಂಟು, ಸೀರೆ, ಪರದೆ, ಜಮಖಾನಗಳು ಬಿಸಿಲು ಗಾಳಿಯಲ್ಲೇ ಕೆಲವು ದಿನ ಕಾಯಬಲ್ಲವು. ಬಹುಪಾಲು ಮನೆಗಳಲ್ಲಿ ಇದು ತಿರುಗುಮುರುಗಾಗಿದೆ. ಹತ್ತು ಜನಕ್ಕೆ ಕಾಣುವ ಅಂಗಿಗೆ ನೀರು ಸಿಗುತ್ತದೆ. ಯಾರಿಗೂ ಕಾಣದ ಬನಿಯನ್ನು ಎರಡು ದಿನ ಮೈಮೇಲೆಯೇ ಇರುತ್ತದೆ.

ಕೊನೆಯದಾಗಿ ಒಂದು ಮಾತು. ಇಷ್ಟನ್ನೆಲ್ಲ ಓದಿ ಮುಗಿಸಿ, ಪತ್ರಿಕೆಯನ್ನು ಮನೆಯಾಕೆಯ ಕೈಗೆ ಕೊಟ್ಟು ಸುಮ್ಮನಾಗುವ ಗಂಡಸರು ಇರಬಹುದು. ಒಗೆಯುವ ನೀರು ಮತ್ತು ಡಿಟರ್ಜೆಂಟಿನಿಂದ ಕೈ ಸೀಳಿ ರಕ್ತ ಜಿನುಗುವ ತಾಯಂದಿರನ್ನು ನಾವು ಪ್ರತಿವಾರವೂ ನೋಡುತ್ತೇವೆ. ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವರು ಬಟ್ಟೆ ಒಗೆಯುವುದನ್ನೇ ತಮ್ಮ ಕಾಯಕವಾಗಿಸಿಕೊಂಡು ಶರಣರಲ್ಲಿ ಹಿರಿಯರೆನಿಸಿದರು. ಆ ಪರಂಪರೆಯ ನಮಗೆ ಸ್ನಾನದ ಹೊತ್ತಿನಲ್ಲಿ ನಮ್ಮ ಒಳ ಉಡುಪನ್ನೂ ಬನಿಯನ್ನನ್ನೂ ನಾವೇ ಒಗೆದು ಹಗ್ಗಕ್ಕೆ ಹಾಕಲು ಯಾವ ಸಂಕೋಚ? ಹತ್ತು ವರ್ಷ ತುಂಬಿದ ಮಕ್ಕಳಿಗೂ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಇದನ್ನು ಕಲಿಸಿರಿ. ಐದು ನಿಮಿಷದ ಕೆಲಸವಿದು.

ಆ ತಾಯಿಯ ಮನೆಯಲ್ಲಿ ಈಗ ಆರು ಟವೆಲುಗಳಿವೆ. ಹಳೆಯ ಧೋತರದಿಂದ ಹೊಲಿದವು. ತುರಿಕೆಯಿದ್ದ ಮಗ ಮತ್ತು ಸೊಸೆಗೂ ಜೊತೆಯಲ್ಲೇ ಚಿಕಿತ್ಸೆಯಾಯಿತು. ಅವರಿಗೆ ಔಷಧವನ್ನು ನಾವು ಬದಲಿಸಲಿಲ್ಲ, ಹಿಂದಿನದನ್ನೇ ಮುಂದುವರಿಸಿದೆವು. ದೀಪಾವಳಿಯ ನಂತರ ಅವರು ಗಜಕರ್ಣಕ್ಕಾಗಿ ಬಂದಿಲ್ಲ; ಮೊಮ್ಮಗನ ನೆಗಡಿಗೆಂದು ಒಮ್ಮೆ ಬಂದಿದ್ದರು. ಓದುಗ ಬಂಧುಗಳು ಇಂದು ಸಂಜೆ ತಮ್ಮ ಮನೆಯ ಬಚ್ಚಲಿನ ಗೂಟವನ್ನೊಮ್ಮೆ ನೋಡಬೇಕೆಂದು ಕೋರುತ್ತೇವೆ.